ಸಮುದ್ರದ ಪಾಲಾದ ಹೆಂಡತಿ

ರೋಸ್ವಿತಾ: ನದಿಯಂತೆ ನದಿ. ಬಚ್ಚಲಮನೆ ಕಿಟಕಿ ತೆಗೆದ್ರೆ ಕಾಣುತ್ತಲ್ಲ, ಅದೇ ನದಿ. ಅದನ್ನ ನೋಡೋಕೆ ಪೆಟ್ಟಿಗೆ ಕಟ್ಕೊಂಡು ಹೋಗ್ಬೇಕಾ?

ಗೆರ್ನೋಟ್: ಕಿಟಕೀಲಿ ಕಾಣೋದು ಪಾಸೌ ಊರಿನ ಡಾನ್ಯೂಬು. ನಾನು ಹೇಳ್ತಿರೋದು ಬುಡಾಪೆಸ್ಟಿನ ಡಾನ್ಯೂಬು.

ರೋಸ್ವಿತಾ: ಇಲ್ಲಿಂದ ಹೋದ ನೀರೇ ತಾನೇ ಅಲ್ಲಿಗೆ ಹೋಗೋದು? ಇಲ್ಲಿ ಕೂತ್ರೆ ಹೊಸ ನೀರು ನೋಡ್ಬಹುದು. ಅಲ್ಲಿಗೆ ಹೋದ್ರೆ ನಾವು ನೋಡಿ ಬಿಟ್ಟ ಹಳೇ ನೀರು.

ಗೆರ್ನೋಟ್: ನಿನ್ನ ಸಮುದ್ರದಲ್ಲಿ ಏನಿದೆ ಮಹಾ? ಬೆಳಗ್ಗೆ ಎದ್ರೆ ನೀರು. ಊಟ ಮಾಡಿ ಬಂದ್ರೆ ನೀರು. ಸಂಜೆ ಬೇಜಾರಾಗಿ ಹೊರಗೆ ನೋಡಿದ್ರೆ ಮತ್ತೆ ಅದೇ, ಸ್ವಲ್ಪ ಕಪ್ಪಗೆ.

ರೋಸ್ವಿತಾ: ನಿನ್ನ ನದೀಲಿ? ಬೆಳಗ್ಗೆ ಚರ್ಚು, ಮಧ್ಯಾಹ್ನ ಮಠ, ಸಂಜೆ ಬಿದ್ದುಹೋದ ಕೋಟೆ. ಮಾರನೇ ದಿನ ಬದಲಾವಣೆ ಇರ್ಲಿ ಅಂತ ಮೊದಲು ಕೋಟೆ, ಆಮೇಲೆ ಚರ್ಚು.

ಭಾನುವಾರ ಮಧ್ಯಾಹ್ನದ ಕಾಫಿ ಇಬ್ಬರ ಬಟ್ಟಲಲ್ಲೂ ಆರುತ್ತಿತ್ತು. ಅವರು ಕೂತಿದ್ದ ಬಾಲ್ಕನಿಯ ಕೆಳಗೇ ಹೊಳೆ. ಗೆರ್ನೋಟ್ ಐಗ್ನರ್ ಇದೇ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟು, ಅರ್ಧ ಊರಿಗೆ ದೃಷ್ಟಿ ಕೊಟ್ಟು, ಈಗ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವನು. ರೋಸ್ವಿತಾ ಅದೇ ಬೀದಿಯಲ್ಲಿ ಹೂವಿನ ಅಂಗಡಿ ನಡೆಸಿದವಳು. ಮದುವೆಗೂ ಮಸಣಕ್ಕೂ ಒಂದೇ ಮುಖದಲ್ಲಿ ಹೂ ಕಟ್ಟಿಕೊಟ್ಟವಳು. ಕಳೆದ ವಸಂತದಲ್ಲಿ ಈ ಇಬ್ಬರೂ ಮೊಟ್ಟಮೊದಲ ಬಾರಿಗೆ ಹಡಗಿನಲ್ಲಿ ರಜೆ ಕಳೆಯಬೇಕೆಂದು ಹೊರಟರು. ಅವನು ನದಿ ಎಂದ, ಇವಳು ಸಮುದ್ರ ಎಂದಳು. ಸೋಲುವ ಜಾತಿ ಇಬ್ಬರದೂ ಅಲ್ಲ. ಕಡೆಗೆ ಅವನು ಒಬ್ಬನೇ ಡಾನ್ಯೂಬಿನ ಮೇಲೆ ಬುಡಾಪೆಸ್ಟಿಗೆ ಹೋಗಿಬಂದ. ಅವಳು ಒಬ್ಬಳೇ ಹ್ಯಾಂಬುರ್ಗಿನಲ್ಲಿ ದೊಡ್ಡ ಹಡಗು ಹತ್ತಿ ನಾರ್ವೆ ಸುತ್ತಿಬಂದಳು. ಬಂದ ದಿನದಿಂದ ತನ್ನದೇ ಸ್ವರ್ಗ ಎಂದು ಇಬ್ಬರದೂ ವಾದ.

ಅಪ್ಪ ಅಮ್ಮನ ಈ ಕಥೆ ಮಗಳು ಸ್ವೆನ್ಯಾಳ ಕಿವಿಗೂ ಬಿತ್ತು. ಅವಳು ಮದುವೆ ವಾರ್ಷಿಕೋತ್ಸವಕ್ಕೆಂದು ಶರತ್ಕಾಲದ ಪ್ರಯಾಣವೊಂದನ್ನು ಉಡುಗೊರೆ ಕೊಟ್ಟು ಒಂದೇ ಷರತ್ತು ಹಾಕಿದ್ದಳು: ನದಿಯೋ ಸಮುದ್ರವೋ ನೀವೇ ಆರಿಸಿ, ಆದರೆ ಇಬ್ಬರೂ ಒಂದೇ ಹಡಗು, ಒಂದೇ ಕೋಣೆ. ಇಲ್ಲದಿದ್ದರೆ ಇಲ್ಲ. ಪ್ರವಾಸದ ಕಚೇರಿಗೆ ನಾಳೆ ಬೆಳಗ್ಗೆ ಉತ್ತರ ಹೇಳಬೇಕಿತ್ತು.

ಇನ್ನೊಮ್ಮೆ ಒಂಟಿಯಾಗಿ ಹೋಗುವ ಮನಸ್ಸು ಗೆರ್ನೋಟನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಹೊಳೆಗೆ ಹಾರುವುದು ಅವನಿಗೆ ಸುಲಭವಾಗಿತ್ತು.

ಗೆರ್ನೋಟ್: ನದೀಲಿ ದಡ ಕಾಣುತ್ತೆ. ಮನುಷ್ಯನಿಗೆ ಅದೊಂದು ಧೈರ್ಯ.

ರೋಸ್ವಿತಾ: ದಡ ಎಲ್ಲಿ ಕಾಣುತ್ತೆ? ನೀನೇ ಹೇಳ್ಲಿಲ್ವಾ, ವಿಯೆನ್ನಾದಲ್ಲಿ ಹಡಗಿಗೆ ಹಡಗು ಅಂಟಿಸಿ ಕಟ್ಟಿದ್ರು, ಪರದೆ ಸರಿಸಿದ್ರೆ ಪಕ್ಕದ ಕಿಟಕೀಲಿ ಯಾರೋ ಡಚ್ ಮುದುಕ ಹಲ್ಲಿನ ಸೆಟ್ಟು ತೊಳೀತಿದ್ದ ಅಂತ.

ಗೆರ್ನೋಟ್: ಒಳ್ಳೇ ಮನುಷ್ಯ. ನನ್ನ ಕಂಡು ಕೈ ಬೀಸಿದ.

ರೋಸ್ವಿತಾ: ಹಲ್ಲು ಹಿಡಿದಿದ್ದ ಕೈಯಲ್ಲೋ, ಖಾಲಿ ಕೈಯಲ್ಲೋ?

ಗೆರ್ನೋಟ್: ನೀನು ನಗು. ನಿನ್ನ ಹಡಗಲ್ಲಿ ಕಿಟಕಿಯೇ ಇರ್ಲಿಲ್ಲ. ಒಳಗಿನ ಕೋಣೆ. ಸಮುದ್ರ ನೋಡ್ಬೇಕಾದ್ರೆ ಟಿವಿ ಹಾಕ್ಬೇಕು. ಅಷ್ಟಕ್ಕೆ ನಾರ್ವೆವರೆಗೆ ಹೋಗ್ಬೇಕಾ? ಆ ಸೋಫಾ ಮೇಲೆ ಕೂತಿದ್ರೆ ಸಾಕಿತ್ತು.

ರೋಸ್ವಿತಾ: ಸೋಫಾ ಮೇಲೆ ನೀನಿರ್ತೀಯಲ್ಲ.

ಈ ಮಾತಿಗೆ ತಕ್ಕ ಉತ್ತರ ಗೆರ್ನೋಟನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಎದ್ದು ಹೋಗಿ ಬಾಗಿಲು ತೆರೆದ. ಬೂದುಬಣ್ಣದ ಉಡುಪು, ತಲೆಗೆ ಸಣ್ಣ ಟೊಪ್ಪಿ, ಎರಡೂ ಕೈಯಲ್ಲಿ ದಾರ ಕಟ್ಟಿದ ಕೇಕಿನ ಡಬ್ಬಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ನದಿ ಹಡಗಿನಲ್ಲಿ ಅವನ ಮೇಜಿನಲ್ಲೇ ಉಂಡ, ಲಿಂಟ್ಸ್ ಊರಿನ ವಿಧವೆ ಹೆರ್ಮೀನಾ. ಒಂದು ಸಂಜೆ ಏಪ್ರಿಕಾಟ್ ಬ್ರಾಂಡಿ ತಲೆಗೇರಿದಾಗ ಅವನೇ ವಿಳಾಸ ಬರೆದುಕೊಟ್ಟಿದ್ದ.

ಹೆರ್ಮೀನಾ: ತಪ್ಪು ತಿಳೀಬೇಡಿ ಐಗ್ನರ್ ಅವರೇ. ಹೇಳದೆ ಕೇಳದೆ ಬಂದ್ಬಿಟ್ಟೆ. ನೀವೊಬ್ರೇ ಇರ್ತೀರಿ, ಭಾನುವಾರ ಬೇರೆ. ಒಂಟಿ ಜೀವಕ್ಕೆ ಭಾನುವಾರ ಎಷ್ಟು ಭಾರ ಅಂತ ನನಗೆ ಗೊತ್ತಿಲ್ವಾ?

ರೋಸ್ವಿತಾ (ಬಾಲ್ಕನಿಯಿಂದ): ಯಾರದು?

ಹೆರ್ಮೀನಾ: ಅಯ್ಯೋ, ಯಾರೋ ಬಂದಿದಾರೆ. ಯಾರಿವರು?

ಗೆರ್ನೋಟನ ಬುದ್ಧಿ ಎಚ್ಚೆತ್ತುಕೊಳ್ಳುವ ಮೊದಲೇ ನಾಲಿಗೆ ಕೆಲಸ ಮುಗಿಸಿತ್ತು.

ಗೆರ್ನೋಟ್: ನಾದಿನಿ. ನನ್ನ ಹೆಂಡತಿಯ ತಂಗಿ.

ರೋಸ್ವಿತಾ ಬಾಲ್ಕನಿಯ ಬಾಗಿಲಿಗೆ ಬಂದು ನಿಂತಳು. ಕೇಳಿಸಿತ್ತು. ಗಂಡನನ್ನು ನೋಡಿದಳು, ಬಂದವಳನ್ನು ನೋಡಿದಳು, ಕೇಕಿನ ಡಬ್ಬಿಯನ್ನೂ ನೋಡಿದಳು. ಅವಳು ಈಗ ಏನು ಮಾಡಿಯಾಳು ಎಂದು ಊಹಿಸಲು ಗೆರ್ನೋಟನಿಗೆ ಧೈರ್ಯವಾಗಲಿಲ್ಲ.

ರೋಸ್ವಿತಾ: ಹೌದು. ತಂಗಿ. ಬನ್ನಿ, ಕೂತ್ಕೊಳ್ಳಿ.

ಹೆರ್ಮೀನಾ: ನೋಡಿದ ತಕ್ಷಣ ಅಂದ್ಕೊಂಡೆ, ಮುಖದಲ್ಲಿ ಹೋಲಿಕೆ ಇದೆ. ಹಡಗಲ್ಲಿ ನಿಮ್ಮಕ್ಕನ ಫೋಟೋ ತೋರಿಸಿದ್ರು. ಅವರು ಸ್ವಲ್ಪ ಹೆಚ್ಚು ಲಕ್ಷಣವಾಗಿದ್ರು. ಬೇಜಾರ್ ಮಾಡ್ಕೋಬೇಡಿ.

ರೋಸ್ವಿತಾ: ಇಲ್ಲ ಇಲ್ಲ. ಅಕ್ಕ ಲಕ್ಷಣವಾಗಿದ್ಲು. ಈಗಿಲ್ವಾ?

ಹೆರ್ಮೀನಾ: ಪಾಪ, ನಿಮಗೆ ಇನ್ನೂ ಒಪ್ಪಿಕೊಳ್ಳೋಕೆ ಆಗಿಲ್ಲ. ಹೋದವರು ಹೋದ್ರು. ಇರೋ ಭಾವನ್ನ ನೀವು ನೋಡ್ಕೊಳ್ತಿದೀರಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.

ರೋಸ್ವಿತಾ ನಿಧಾನವಾಗಿ ಕುಳಿತಳು. ಗೆರ್ನೋಟ್ ಕೇಕು ಕತ್ತರಿಸುವ ನೆಪದಲ್ಲಿ ತಲೆ ಬಗ್ಗಿಸಿದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಕನ್ನಡಕದ ಗಾಜನ್ನೂ ಕತ್ತರಿಸಿರಲಿಲ್ಲ.

ರೋಸ್ವಿತಾ: ಅಕ್ಕ ಹೋದದ್ದು ಹೇಗೆ ಅಂತ ಭಾವ ನಿಮಗೆ ಹೇಳಿದ್ರಾ? ನಮ್ಮ ಹತ್ತಿರ ಅವರು ಆ ಮಾತೇ ಎತ್ತಲ್ಲ.

ಹೆರ್ಮೀನಾ: ಎತ್ತೋಕೆ ಆಗುತ್ತೇನಮ್ಮ? ಮೊದಲನೇ ದಿನದ ಊಟ. ಇವರ ಪಕ್ಕದ ಕುರ್ಚಿ ಖಾಲಿ. ಹೆಂಡತಿ ಬರ್ಲಿಲ್ವಾ ಅಂತ ನಾನೇ ಕೇಳ್ಬಿಟ್ಟೆ, ಪಾಪಿ. ತಲೆ ತಗ್ಗಿಸಿಕೊಂಡು ಒಂದೇ ಮಾತು ಹೇಳಿದ್ರು: ಅವಳು ದೊಡ್ಡ ಹಡಗು ಹತ್ತಿ ಸಮುದ್ರದ ಪಾಲಾದ್ಲು.

ಹಾಗೆ ಹೇಳಿದ್ದು ನಿಜ. ಹೆಂಡತಿ ತನಗಿಂತ ಸಮುದ್ರವೇ ಹೆಚ್ಚೆಂದು ಹೋದ ಸಿಟ್ಟಿನಲ್ಲಿ, ಸೂಪು ಕಲಕುತ್ತ, ಗೆರ್ನೋಟ್ ಗೊಣಗಿದ ಮಾತದು. ಇಡೀ ಮೇಜು ಚಮಚ ಕೆಳಗಿಟ್ಟಿತು. ಯಾರೋ ಹೆಗಲು ತಟ್ಟಿದರು. ಬಡಿಸುವವನು ಕೇಳದೆಯೇ ಇನ್ನೊಂದು ಬಟ್ಟಲು ಸಿಹಿ ತಂದಿಟ್ಟ. ಸಿಹಿ ತಿಂದು ಮುಗಿಸಿ ಹೇಳಿದರಾಯಿತು ಎಂದುಕೊಂಡ. ಆದರೆ ನದಿಯ ಹಡಗೆಂದರೆ ನೀರಿನ ಮೇಲಿನ ಒಂದು ಸಣ್ಣ ಹಳ್ಳಿ. ಬೆಳಗಿನ ಕಾಫಿ ಹೊತ್ತಿಗೆ ಅಡಿಗೆಯವನಿಂದ ಕಪ್ತಾನನವರೆಗೆ ಎಲ್ಲರೂ ಅವನನ್ನು ಕಂಡು ದನಿ ತಗ್ಗಿಸುತ್ತಿದ್ದರು. ಆಮೇಲೆ ಹೆಂಡತಿಯನ್ನು ಬದುಕಿಸಲು ಅವನಿಗೆ ನಾಚಿಕೆಯಾಯಿತು.

ಹೆರ್ಮೀನಾ: ಮೆಲ್ಕ್ ಮಠದಲ್ಲಿ ನಿಮ್ಮಕ್ಕನ ಹೆಸರಲ್ಲಿ ಮೇಣದಬತ್ತಿ ಹಚ್ಚಿದ್ವಿ. ನಾನೇ ಎಲ್ಲರನ್ನೂ ಹೊರಡಿಸಿಕೊಂಡು ಹೋದೆ. ಮಂಡಿನೋವಿನವರೂ ಬಂದ್ರು. ಪಿಯಾನೋದವನು ಅವತ್ತು ಕುಣಿಯೋ ಹಾಡು ಒಂದೂ ನುಡಿಸ್ಲಿಲ್ಲ.

ರೋಸ್ವಿತಾ: ಭಾವ ಏನು ಮಾಡಿದ್ರು?

ಹೆರ್ಮೀನಾ: ಅತ್ರು.

ರೋಸ್ವಿತಾ: ಅತ್ರಾ?

ಗೆರ್ನೋಟ್: ಮೇಣದ ಹೊಗೆ ಕಣ್ಣಿಗೆ ಹೋಯ್ತು.

ಹೆರ್ಮೀನಾ: ನಮ್ಮ ಮೇಜಲ್ಲಿ ಇಬ್ಬರು ನಾರ್ವೆಗೆ ಹೋಗೋರಿದ್ರು. ಇವರ ಕಥೆ ಕೇಳಿದ್ದೇ ತಡ, ಊರಿಗೆ ಬಂದು ರದ್ದು ಮಾಡಿದ್ರು. ಆ ದೊಡ್ಡ ಹಡಗುಗಳ ಸಹವಾಸವೇ ಬೇಡ ಅಂತ.

ಇಲ್ಲಿಯವರೆಗೆ ಸತ್ತವಳಾಗಿ ಸುಮ್ಮನೆ ಕೂತಿದ್ದ ರೋಸ್ವಿತಾಳಿಗೆ ಇದೊಂದನ್ನು ಸಹಿಸಲಾಗಲಿಲ್ಲ. ತಾನು ಸಾಯುವುದಕ್ಕೆ ಅವಳ ಅಭ್ಯಂತರವಿರಲಿಲ್ಲ. ಸಮುದ್ರದ ಹೆಸರು ಕೆಡುವುದನ್ನು ಮಾತ್ರ ನೋಡಿಕೊಂಡಿರಲಾರಳು.

ರೋಸ್ವಿತಾ: ಸುಮ್ಮನೆ ರದ್ದು ಮಾಡಿದ್ರಲ್ಲ. ಆ ಹಡಗುಗಳಿಂದ ಯಾರೂ ಬೀಳಲ್ಲ. ಕಟಕಟೆ ಎದೆಮಟ್ಟ ಇರುತ್ತೆ. ಬೀಳ್ಬೇಕಾದ್ರೆ ಏಣಿ ಹಾಕ್ಕೋಬೇಕು.

ಹೆರ್ಮೀನಾ: ಹಾಗಾದ್ರೆ ಅಕ್ಕ ಬಿದ್ದದ್ದು?

ರೋಸ್ವಿತಾ: ಬಿದ್ದಿಲ್ಲ.

ಹೆರ್ಮೀನಾ: ಅಯ್ಯೋ ದೇವರೇ. ಯಾರಾದ್ರೂ ತಳ್ಳಿದ್ರಾ?

ಇಬ್ಬರೂ ಹೆಂಗಸರು ಗೆರ್ನೋಟನ ಕಡೆ ತಿರುಗಿದರು.

ಗೆರ್ನೋಟ್: ನಾನು ನದೀಲಿದ್ದೆ.

ಹೆರ್ಮೀನಾ: ಹೌದಲ್ವಾ? ನೀವು ನಮ್ಮ ಜೊತೆ ನದೀಲಿದ್ರಿ. ಅಕ್ಕ ಹೋದದ್ದು ಅದಕ್ಕೂ ಮೊದಲು ತಾನೇ?

ರೋಸ್ವಿತಾ: ಅದೇ ಸಮಯದಲ್ಲಿ. ಅವರು ಅಲ್ಲಿ ಎರಡನೇ ಬಟ್ಟಲು ಸಿಹಿ ತಿಂತಿದ್ದಾಗ ಸಮುದ್ರದಲ್ಲಿ ಅಕ್ಕ ಸಾಯ್ತಿದ್ಲು.

ಹೆರ್ಮೀನಾ: ಎರಡನೇ ಬಟ್ಟಲಿನ ವಿಷಯ ನಿಮಗೆ ಹೇಗೆ ಗೊತ್ತು?

ರೋಸ್ವಿತಾ: ಭಾವನ್ನ ಬಲ್ಲೆ.

ಹೆರ್ಮೀನಾ ಬಟ್ಟಲು ಕೆಳಗಿಟ್ಟು ಲೆಕ್ಕ ಕೂಡದವಳಂತೆ ಹುಬ್ಬು ಗಂಟಿಕ್ಕಿದಳು. ಆದರೆ ಅವಳ ಕರುಣೆ ಅವಳ ಅನುಮಾನಕ್ಕಿಂತ ದಪ್ಪಗಿತ್ತು. ರೋಸ್ವಿತಾಳ ಕೈ ಹಿಡಿದುಕೊಂಡಳು.

ಹೆರ್ಮೀನಾ: ಒಂದು ಮಾತು ಹೇಳ್ತೀನಿ, ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ. ಡ್ಯೂರ್ನ್‌ಸ್ಟೈನ್ ಹತ್ರ ಒಂದು ನೀಲಿ ಗೋಪುರದ ಚರ್ಚು ಬಂತು. ಎಲ್ರೂ ಆಹಾ ಅಂತ ಫೋಟೋ ತೆಗೀತಿದ್ರು. ಇವರೊಬ್ರೇ ಸುಮ್ಮನೆ ಕೂತಿದ್ರು. ಚೆನ್ನಾಗಿಲ್ವಾ ಅಂತ ಕೇಳ್ದೆ. ಅದಕ್ಕೆ ಅಂದ್ರು, ಅವಳಿದ್ದಿದ್ರೆ ಇಷ್ಟು ಹೊತ್ತಿಗೆ ಇನ್ನೊಂದು ಬಂತಪ್ಪ ಚರ್ಚು ಅಂತ ಗೇಲಿ ಮಾಡಿರ್ತಿದ್ಲು. ಅವಳು ಗೇಲಿ ಮಾಡದ ಮೇಲೆ ಇವೆಲ್ಲ ಬರೀ ಚರ್ಚು ಕಣಮ್ಮ, ಅಂತ.

ಹೊಳೆಯ ಮೇಲೆ ಹಡಗೊಂದು ಹೋಗುತ್ತಿತ್ತು, ರೋಸ್ವಿತಾ ಅದನ್ನೇ ನೋಡುತ್ತ ಕೂತಳು. ನಲವತ್ತು ಚಿಲ್ಲರೆ ವರ್ಷದಲ್ಲಿ ಹೆಂಡತಿಯ ಬಾಯಿ ಹೀಗೆ ಕಟ್ಟಿದ್ದು ಗೆರ್ನೋಟ್ ಕಂಡಿರಲಿಲ್ಲ. ಅವಳ ಬೈಗುಳಕ್ಕೆ ಅವನಲ್ಲಿ ಗುರಾಣಿಯಿತ್ತು. ಈ ಮೌನಕ್ಕೆ ಇರಲಿಲ್ಲ.

ಹೆರ್ಮೀನಾ: ಇನ್ನೂ ಏನೇನು ಹೇಳ್ತಿದ್ರು ಗೊತ್ತಾ? ಅವಳ ಕಾಫಿ—

ಗೆರ್ನೋಟ್: ರೋಸ್ವಿತಾ, ಸಾಕು. ನೀನಾದ್ರೂ ನಿಲ್ಲಿಸು ಇದನ್ನ.

ಹೆಸರು ಹಿಡಿದು ಕರೆದ ಮೇಲೆ ಅವನಿಗೆ ಅರಿವಾಯಿತು. ಹೆರ್ಮೀನಾ ಹಿಡಿದಿದ್ದ ಕೈಯನ್ನು ಬಿಟ್ಟು, ಅದು ತಣ್ಣಗಿದೆಯೋ ಬೆಚ್ಚಗಿದೆಯೋ ಎಂಬಂತೆ ಮತ್ತೆ ಮುಟ್ಟಿ ನೋಡಿದಳು.

ಹೆರ್ಮೀನಾ: ರೋಸ್ವಿತಾ ಅಂದ್ರೆ ತೀರಿಕೊಂಡವರಲ್ವಾ?

ರೋಸ್ವಿತಾ: ಹೌದು. ನಾನೇ.

ಹೆರ್ಮೀನಾ: ನೀವು ಬದುಕಿದೀರಿ.

ರೋಸ್ವಿತಾ: ನನಗೂ ಇವತ್ತಿನವರೆಗೆ ಹಾಗೇ ಅನ್ನಿಸಿತ್ತು.

ಗೆರ್ನೋಟ್: ನಾನು ಸತ್ತಳು ಅಂದೇ ಇಲ್ಲ ಹೆರ್ಮೀನಾ ಅವರೇ. ಸಮುದ್ರದ ಪಾಲಾದ್ಲು ಅಂದೆ. ಸಮುದ್ರ ನೋಡೋಕೆ ಹೋದ್ಲು ಅಂತ ಅದರ ಅರ್ಥ.

ಹೆರ್ಮೀನಾ: ಅಷ್ಟೇ ಅರ್ಥ ಆಗಿದ್ರೆ ಮೆಲ್ಕ್‌ನಲ್ಲಿ ಯಾಕೆ ಸುಮ್ಮನಿದ್ರಿ?

ಗೆರ್ನೋಟ್: ನೀವೆಲ್ಲ ಅಷ್ಟು ಪ್ರೀತಿಯಿಂದ ಹಚ್ತಿದ್ರಿ. ನಡುವೆ ಬಾಯಿ ಹಾಕೋದು ಸರಿ ಅನ್ನಿಸ್ಲಿಲ್ಲ.

ಹೆರ್ಮೀನಾ ಎದ್ದು ನಿಂತಳು. ಈಗ ಬೈಯುತ್ತಾಳೆ ಎಂದು ಗೆರ್ನೋಟ್ ಕಣ್ಣು ಮುಚ್ಚಿಕೊಂಡ. ಅವಳು ಬೈಯಲಿಲ್ಲ. ಬಾಲ್ಕನಿಯ ಉದ್ದಕ್ಕೆ ಒಂದು ಸಲ ಅತ್ತ, ಒಂದು ಸಲ ಇತ್ತ ನಡೆದು, ತನ್ನದೇ ಮನೆಯ ಮೇಲೆ ಸಿಡಿಲು ಬಿದ್ದವಳಂತೆ ನಿಂತಳು.

ಹೆರ್ಮೀನಾ: ಮೇಜಿನವರಿಗೆ ನಾನೇನು ಹೇಳ್ಲಿ? ಈ ಶರತ್ಕಾಲಕ್ಕೆ ಮತ್ತೆ ಅದೇ ಹಡಗು, ಅದೇ ಮೇಜು ಹಿಡಿದಿದೀವಿ. ನಿಮ್ಮನ್ನೂ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟು ಬಂದಿದೀನಿ. ನಿಮ್ಮ ಕುರ್ಚಿ ಕಾದಿದೆ.

ಗೆರ್ನೋಟ್: ನಿಜ ಹೇಳ್ಬಿಡಿ. ನನ್ನ ತಪ್ಪು ಅನ್ನಿ.

ಹೆರ್ಮೀನಾ: ನಿಮ್ಮನ್ನ ಯಾರು ಕೇಳ್ತಾರೆ? ಮಂಡಿನೋವಿನವರನ್ನ ಆ ಮೆಟ್ಟಿಲೆಲ್ಲ ಹತ್ತಿಸಿದ್ದು ನಾನು. ಪಿಯಾನೋ ನಿಲ್ಲಿಸಿದ್ದು ನಾನು. ಬದುಕಿದ್ದವಳಿಗೆ ದೀಪ ಹಚ್ಚಿಸಿದ್ಲು ಅಂತ ನನ್ನನ್ನ ಆಡ್ಕೋತಾರೆ. ರೋಸ್ವಿತಾ ಅವರೇ, ನಿಮ್ಮಲ್ಲಿ ಒಂದು ಪ್ರಾರ್ಥನೆ. ನೀವು ದಯವಿಟ್ಟು ಸತ್ತೇ ಇರಿ.

ರೋಸ್ವಿತಾ: ಎಷ್ಟು ದಿನ?

ಹೆರ್ಮೀನಾ: ನಮ್ಮ ಮೇಜಿನವರ ಮಟ್ಟಿಗೆ, ಖಾಯಂ ಆಗಿ.

ಹೀಗೆಂದು ಅವಳು ಕತ್ತರಿಸದೆ ಉಳಿದಿದ್ದ ಅರ್ಧ ಕೇಕನ್ನು ಡಬ್ಬಿಗೆ ಸೇರಿಸಿ ದಾರ ಬಿಗಿದಳು. ಇದು ದುಃಖದ ಮನೆಗೆಂದು ಮಾಡಿದ್ದು, ಇಲ್ಲಿ ದುಃಖವೇ ಇಲ್ಲವಲ್ಲ ಎಂದಳು. ಬಾಗಿಲವರೆಗೆ ಬಂದ ಗೆರ್ನೋಟನ ಕೈ ಕುಲುಕಲಿಲ್ಲ. ರೋಸ್ವಿತಾಳನ್ನು ಮಾತ್ರ ತಬ್ಬಿಕೊಂಡು, ನಿಮಗಾಗಿ ತುಂಬ ಅತ್ತಿದ್ದೆ, ಅದೆಲ್ಲ ದಂಡವಾಯಿತು ಎಂದು ಮೆಟ್ಟಿಲಿಳಿದಳು.

ಬಾಗಿಲು ಹಾಕಿದ ಮೇಲೆ ಗೆರ್ನೋಟ್ ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟ. ಯಾರೂ ಹೇಳದೆ ಅವನು ಈ ಕೆಲಸ ಮಾಡಿದ್ದು ಅದೇ ಮೊದಲು.

ಗೆರ್ನೋಟ್: ಬೈಯೋದಿದ್ರೆ ಬೈದುಬಿಡು.

ರೋಸ್ವಿತಾ: ಯಾಕೆ ಬೈಲಿ? ಸತ್ತ ಮೇಲೆ ನೀನು ನನ್ನ ಜೊತೆ ಚೆನ್ನಾಗೇ ನಡ್ಕೊಂಡಿದೀಯ. ಬದುಕಿದ್ದಾಗ್ಲೇ ಸ್ವಲ್ಪ ಕಷ್ಟ.

ಗೆರ್ನೋಟ್: ನೀನು? ನಿನ್ನ ಹಡಗಲ್ಲಿ ನನ್ನ ಬಗ್ಗೆ ಏನು ಹೇಳಿದ್ದೆ? ಸುಮ್ಮನೆ ಬಿಟ್ಟಿರಲ್ಲ ನೀನು. ಎಲ್ಲಿ ಹೂತೆ ನನ್ನ?

ರೋಸ್ವಿತಾ: ಎಲ್ಲೂ ಇಲ್ಲ.

ಗೆರ್ನೋಟ್: ನಂಬಲ್ಲ.

ರೋಸ್ವಿತಾ: ಯಾರೂ ಕೇಳ್ಲಿಲ್ಲ, ಗೆರ್ನೋಟ್. ಒಂದು ಊರಿನಷ್ಟು ಜನ ಇದ್ರು ಆ ಹಡಗಲ್ಲಿ. ನಿನ್ನ ಗಂಡ ಎಲ್ಲಿ ಅಂತ ಒಬ್ಬರೂ ಕೇಳ್ಲಿಲ್ಲ. ನಾನು ಉತ್ತರ ಸಿದ್ಧ ಮಾಡಿಟ್ಕೊಂಡಿದ್ದೆ. ಅವನು ಯಾವುದೋ ಕಾಲುವೇಲಿ ಮುದುಕರ ಜೊತೆ ತೇಲ್ತಿದಾನೆ ಅಂತ. ಹೋಗ್ತಾ ಬರ್ತಾ ಹೇಳಿ ಅಭ್ಯಾಸ ಮಾಡಿದ್ದೆ. ಲಿಫ್ಟಲ್ಲಿ ಒಬ್ಬಳು ನನ್ನ ಕಡೆ ತಿರುಗಿ ಬಾಯಿ ತೆಗೆದ್ಲು. ಇವಳು ಕೇಳ್ತಾಳೆ ಅಂತ ಖುಷಿಯಾಯ್ತು.

ಗೆರ್ನೋಟ್: ಕೇಳಿದ್ಲಾ?

ರೋಸ್ವಿತಾ: ಕೇಳಿದ್ಲು. ಎಷ್ಟನೇ ಮಹಡಿ ಅಂತ.

ಗೆರ್ನೋಟನಿಗೆ ನಗು ಬಂತು. ಆದರೆ ಅವಳ ಮುಖ ನೋಡಿ ನಗಲಾಗಲಿಲ್ಲ.

ರೋಸ್ವಿತಾ: ಬೆಳಗ್ಗೆ ಬೇಗ ಎದ್ದು ಈಜುಕೊಳದ ಹತ್ರ ಎರಡು ಕುರ್ಚಿಗೆ ಟವಲ್ ಹಾಸ್ತಿದ್ದೆ. ಪಕ್ಕದ್ದು ಯಾರದು ಅಂತ ಯಾರಾದ್ರೂ ಜಗಳಕ್ಕೆ ಬರ್ಲಿ ಅಂತ. ನನ್ನ ಗಂಡಂದು ಅಂತ ಹೇಳ್ಬಹುದಿತ್ತಲ್ಲ. ಅದಕ್ಕೂ ಬರ್ಲಿಲ್ಲ. ಅಷ್ಟು ದೊಡ್ಡ ಹಡಗು, ಕುರ್ಚಿ ಬೇಕಾದಷ್ಟಿತ್ತು.

ಗೆರ್ನೋಟ್: ಸ್ವರ್ಗ ಅಂದ್ಯಲ್ಲ ಮತ್ತೆ?

ರೋಸ್ವಿತಾ: ನಿನ್ನ ಎದುರಿಗೆ ಇನ್ನೇನು ಹೇಳ್ಲಿ?

ಹೆಂಡತಿಯ ಭುಜದ ಮೇಲೆ ಕೈಯಿಡಬೇಕೆನ್ನಿಸಿತು ಅವನಿಗೆ. ಅಭ್ಯಾಸವಿಲ್ಲದ ಕೈ ದಾರಿಯಲ್ಲೇ ನಿಂತು ಕುರ್ಚಿಯ ಬೆನ್ನು ಹಿಡಿಯಿತು. ಆದರೂ ಹಾಗೇ ನಿಂತಿದ್ದ. ಅವಳೂ ಸರಿದು ಕೂರಲಿಲ್ಲ.

ರೋಸ್ವಿತಾ: ಸರಿ. ನಾಳೆ ಫೋನ್ ಮಾಡಿ ಹೇಳು. ನದಿಗೇ ಹೋಗೋಣ.

ಗೆರ್ನೋಟ್: ನದಿಗಾ? ನಿನಗೆ ತಲೆ ಕೆಟ್ಟಿದೆಯಾ? ಸಮುದ್ರಕ್ಕೆ ಹೋಗೋಣ.

ರೋಸ್ವಿತಾ: ಸಮುದ್ರದಲ್ಲಿ ನೋಡೋಕೆ ಏನಿದೆ? ಬರೀ ನೀರು.

ಗೆರ್ನೋಟ್: ನೀರೇ ಸಾಕು. ಯಾರಿಗೂ ಯಾರ ಗುರುತೂ ಇರಲ್ಲ. ಅದಕ್ಕಿಂತ ಒಳ್ಳೇ ಜಾಗ ಭೂಮಿ ಮೇಲಿಲ್ಲ.

ರೋಸ್ವಿತಾ: ನನಗೆ ಬೇಡ ಆ ಜಾಗ. ನದಿ ಹಡಗಲ್ಲಿ ಹೆಂಡತಿ ಎಲ್ಲಿ ಅಂತ ಕೇಳೋರಿದಾರೆ. ಸತ್ತವಳಿಗೆ ಅಷ್ಟು ಮರ್ಯಾದೆ ಕೊಡ್ತಾರೆ. ಬದುಕಿರೋಳನ್ನ ಇನ್ನೆಷ್ಟು ನೋಡ್ಕೊಳ್ಳಲ್ಲ? ಚರ್ಚು ಬಂದಾಗೆಲ್ಲ ನಾನು ಗೇಲಿ ಮಾಡ್ತೀನಿ, ನೀನು ಕೇಳಿಸ್ಕೋ.

ಗೆರ್ನೋಟ್: ಶರತ್ಕಾಲಕ್ಕೆ ಅದೇ ಹಡಗು, ಅದೇ ಮೇಜು, ಮರೆತ್ಯಾ? ಹೆರ್ಮೀನಾ ನಿಜ ಹೇಳಲ್ಲ, ನಿನ್ನನ್ನ ತಂಗಿ ಅಂತಲೇ ಹೇಳ್ತಾಳೆ. ನಾನು ನಿನ್ನ ಕೈ ಹಿಡ್ಕೊಂಡು ಒಳಗೆ ಹೋಗಿ ಕೂತ್ರೆ ಅವರೆಲ್ಲ ಏನಂತಾರೆ ಗೊತ್ತಾ?

ರೋಸ್ವಿತಾ: ಏನಂತಾರೆ?

ಗೆರ್ನೋಟ್: ಹೆಂಡತಿ ಸತ್ತು ವರ್ಷ ತುಂಬಿಲ್ಲ, ಆಗ್ಲೇ ನಾದಿನೀನ ಕಟ್ಕೊಂಡು ಒಂದೇ ಕೋಣೇಲಿ ಬಂದಿದಾನೆ ಅಂತಾರೆ.

ರೋಸ್ವಿತಾ ಎದ್ದು ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡಳು.

ರೋಸ್ವಿತಾ: ಅಂದ್ಕೊಳ್ಳಿ ಬಿಡು. ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಿ. ಆಡ್ಕೊಳ್ಳೋಕೆ ಊರಿಗೆ ಒಂದು ಮಾತು ಸಿಕ್ಕಿಲ್ಲ.